ಎಂಟರಲ್ಲಿ ಒಂದು ಪಾಲು

ಅಪ್ಪ ತೀರಿಕೊಂಡು ನಾಲ್ಕು ವರ್ಷ ಆದರೂ ಶಿವಮೊಗ್ಗದ ಮನೆ ಖಾತೆ ಅವರ ಹೆಸರಲ್ಲೇ ಇತ್ತು. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ. ವಿಲ್ ಬರೆದಿರಲಿಲ್ಲ. ಇರೋರು ಅಮ್ಮ, ನಾನು, ತಂಗಿ. ಯಾವಾಗ ಮಾಡಿಸಿದರೂ ಆಯಿತು ಅಂತ ಸುಮ್ನೆ ಇದ್ದೆವು.

ವಂಶವೃಕ್ಷ ನೋಡಿದ ವಕೀಲರು ಮೊದಲು ಕೇಳಿದ್ದು, "ಅಪ್ಪ ಹೋದಾಗ ಅವರ ತಾಯಿ ಇದ್ರಾ?"

ಇದ್ದರು. ಅಜ್ಜಿ ಹೋಗಿದ್ದು ಅಪ್ಪ ಹೋದ ಒಂದೂವರೆ ವರ್ಷಕ್ಕೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ವಿಲ್ ಬರೆಯದೆ ಹೋದವನ ಆಸ್ತಿಯಲ್ಲಿ ಹೆಂಡತಿ ಮಕ್ಕಳಷ್ಟೇ ಪಾಲು ತಾಯಿಗೂ ಇದೆ. ಅಂದರೆ ಮನೆಯ ಕಾಲು ಭಾಗ ಅಜ್ಜಿಯದು. ಅವರೂ ಏನೂ ಬರೆದಿಡಲಿಲ್ಲ. ಆ ಕಾಲು ಭಾಗದಲ್ಲಿ ಅರ್ಧ ನನಗೂ ತಂಗಿಗೂ, ಇನ್ನರ್ಧ ಅಪ್ಪನ ಒಬ್ಬಳೇ ತಂಗಿಗೆ. ನಮ್ಮ ಮನೆಯ ಎಂಟರಲ್ಲಿ ಒಂದು ಪಾಲು ಸಾಗರದ ಅತ್ತೆಯದು! ಬ್ಯಾಂಕಿನ ಠೇವಣಿಗೆ ಅಮ್ಮ ನಾಮಿನಿ ಅಂತ ಧೈರ್ಯವಾಗಿದ್ದೆವು. ನಾಮಿನಿ ಅಂದ್ರೆ ಹಣ ಕೈಗೆ ತಗೊಳ್ಳೋರು ಅಷ್ಟೇ, ಒಡೆಯರಲ್ಲ ಅಂದರು ವಕೀಲರು.

ಅತ್ತೆ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಇದು ನಿಮ್ಮ ಹಕ್ಕು ಅತ್ತೆ. ಬೆಲೆ ಕಟ್ಟಿಸಿ ದುಡ್ಡು ಕೊಡ್ತೀವಿ." ಹೆಣ್ಣುಮಕ್ಕಳ ಹತ್ತಿರ ಬಾಯಿಮಾತಲ್ಲೇ ಪಾಲು ಬಿಡಿಸಿಕೊಳ್ಳೋದನ್ನು ಊರಲ್ಲಿ ಬೇಕಾದಷ್ಟು ನೋಡಿದ್ದೇನೆ. ನನಗೆ ಅದು ಬೇಡವಾಗಿತ್ತು.

ಅತ್ತೆ ದುಡ್ಡು ಬೇಡ ಅಂದರು. "ಅಣ್ಣನ ಮನೆ ಮಾರಾಯ. ಆದ್ರೆ ಅವ್ವನ ಪಾಲು ನಂಗೂ ಇತ್ತು ಅಂತ ಕೇಳಿ ಖುಷಿ ಆಯ್ತು ನೋಡು."

ಹಕ್ಕು ಬಿಡುಗಡೆ ಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅವರೇ ಬರಬೇಕಾಯಿತು. ಮಂಡಿ ನೋವು. ಒಂದೊಂದೇ ಮೆಟ್ಟಿಲು ನಿಂತು ನಿಂತು ಹತ್ತಿದರು. ಹೆಬ್ಬೆಟ್ಟಿನ ಗುರುತು ಮೆಷಿನ್ನಿಗೆ ಸಿಗಲಿಲ್ಲ. ಅಡಿಕೆ ಸುಲಿದು ಸುಲಿದು ಸವೆದ ಬೆರಳು. ಸೆರಗಿನಲ್ಲಿ ಒರೆಸಿ ಮತ್ತೆ ಇಟ್ಟರು, ಮತ್ತೆ ಒರೆಸಿದರು. ನಾಲ್ಕನೇ ಸಲಕ್ಕೆ ಸಿಕ್ಕಿತು. ಅಪ್ಪ ಒಂದು ಹಾಳೆ ಬರೆದಿದ್ದರೆ ಈ ಜೀವಕ್ಕೆ ಇಷ್ಟು ತ್ರಾಸ ಇರುತ್ತಿರಲಿಲ್ಲ, ಅಲ್ವಾ?

ಆ ರಾತ್ರಿ ಊಟ ಆದಮೇಲೆ ಅಮ್ಮ ಪೆನ್ನು ಹಿಡಿದು ಕೂತರು. "ಛಾಪಾ ಕಾಗದ ತರ್ಬೇಕೇನೋ?" ಬೇಡ, ಬಿಳಿ ಹಾಳೆ ಸಾಕು ಅಂದೆ. ಇಬ್ಬರು ಸಾಕ್ಷಿಗಳ ಎದುರು ಅಮ್ಮ ಸಹಿ ಹಾಕಬೇಕು, ಅಮ್ಮನ ಎದುರು ಅವರೂ ಹಾಕಬೇಕು. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸೋಣ ಅಂದೆ. ಯಾವಾಗ ಬೇಕಾದರೂ ಬದಲಾಯಿಸಬಹುದು ಅಂದಾಗ ಅಮ್ಮನ ಮುಖ ಹಗುರಾಯಿತು.

ಮನೆಯಲ್ಲಿ ತಮಗೆ ಬಂದ ಪಾಲು ನನಗೂ ತಂಗಿಗೂ ಸಮ ಅಂತ ಒಂದೇ ಸಾಲಿನಲ್ಲಿ ಮುಗಿಸಿದರು. ಆಮೇಲೆ ಬಹಳ ಹೊತ್ತು ಯೋಚನೆ ಮಾಡಿ ಇನ್ನೊಂದು ಸಾಲು ಬರೆದರು. ಅಜ್ಜಿ ತಮಗೆ ಕೊಟ್ಟಿದ್ದ ಅವಲಕ್ಕಿ ಸರ ಅತ್ತೆಯ ಮಗಳಿಗೆ.