ಹಾಡು ಮುಗಿಯುತ್ತೆ, ಮುಂದಿನದು ಬರಲ್ಲ

ನಮ್ಮ ಮನೆಯ ಸಂಗೀತದ ಏರ್ಪಾಡು ತುಂಬ ಸರಳ. ಅಪ್ಪ ವರ್ಷಗಟ್ಟಲೆ ಕೂಡಿಟ್ಟ ಸಿಡಿಗಳನ್ನೆಲ್ಲ ಫ್ಲಾಕ್ (ಗುಣಮಟ್ಟ ಕೆಡದಂತೆ ಸಂಕುಚಿಸಿದ) ಫೈಲುಗಳಾಗಿ ಮಾಡಿ ಒಂದು ನ್ಯಾಸ್‌ನಲ್ಲಿ, ಅಂದರೆ ಮನೆಯ ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಹಾಲ್‌ನಲ್ಲಿ ಆಂಪ್ಲಿಫೈಯರ್‌ಗೆ ಜೋಡಿಸಿದ ನೆಟ್‌ವರ್ಕ್ ಪ್ಲೇಯರ್ ಇದೆ. ಫೋನಿನಲ್ಲಿ ಒಂದು ಆ್ಯಪ್ ಇದೆ. ಅದರಲ್ಲಿ ಆಲ್ಬಂ ಆರಿಸಿದರೆ ಪ್ಲೇಯರ್ ಆ ಫೈಲನ್ನು ನ್ಯಾಸ್‌ನಿಂದ ಎಳೆದುಕೊಂಡು ನುಡಿಸುತ್ತದೆ. ಈ ಮೂರೂ ಯುಪಿಎನ್‌ಪಿ ಎಂಬ ಹಳೆಯ ಪದ್ಧತಿಯಲ್ಲಿ ಮಾತಾಡಿಕೊಳ್ಳುತ್ತವೆ. ಇಂಟರ್ನೆಟ್ ಇಲ್ಲದಿದ್ದರೂ ಹಾಡು ಕೇಳಬಹುದು. ಈ ಏರ್ಪಾಡು ನನಗೆ ಇಷ್ಟವಾಗಿದ್ದೇ ಅದಕ್ಕೆ.

ರೂಟರ್‌ನಲ್ಲಿ ಕೇಬಲ್ ಹಾಕುವ ಪೋರ್ಟ್‌ಗಳು ಸಾಲದೆ, ಪೋರ್ಟ್‌ಗಳನ್ನು ಹೆಚ್ಚಿಸುವ ಹೊಸ ನೆಟ್‌ವರ್ಕ್ ಸ್ವಿಚ್ ತಂದು ನ್ಯಾಸ್, ಪ್ಲೇಯರ್ ಎರಡನ್ನೂ ಅದಕ್ಕೆ ಹಾಕಿದ ಮೇಲೆ ತೊಂದರೆ ಶುರುವಾಯಿತು. ಅಪ್ಪ ಹೇಳಿದ್ದು ಇಷ್ಟು: "ಹಾಡು ಪೂರ್ತಿ ಬರುತ್ತೆ ಕಣೋ. ಆಮೇಲೆ ಸುಮ್ಮನಾಗಿಬಿಡುತ್ತೆ. ಮುಂದಿನದು ಬರಲ್ಲ. ಫೋನಲ್ಲಿ ನೋಡಿದ್ರೆ ಪ್ಲೇಯರೇ ಇಲ್ಲ ಅನ್ನುತ್ತೆ."

ಅರ್ಧ ಉತ್ತರ ಈ ಮಾತಿನಲ್ಲೇ ಇತ್ತು. ನೆಟ್‌ವರ್ಕ್ ಹಾಳಾಗಿದ್ದರೆ ಹಾಡು ನಡುವೆಯೇ ತುಂಡಾಗಬೇಕು. ಇಲ್ಲಿ ಹಾಡು ಕೊನೆಯ ಸ್ವರದವರೆಗೂ ಒಂದೂ ತಡವರಿಕೆ ಇಲ್ಲದೆ ಬರುತ್ತಿತ್ತು. ನಮ್ಮ ಆ್ಯಪ್‌ನಲ್ಲಿ ಹಾಡುಗಳ ಸರದಿ ಫೋನಿನಲ್ಲೇ ಇರುತ್ತದೆ. ಒಂದು ಮುಗಿದ ಕೂಡಲೇ ಮುಂದಿನದರ ವಿಳಾಸವನ್ನು ಫೋನ್ ಪ್ಲೇಯರ್‌ಗೆ ಕೊಡಬೇಕು. ಫೋನಿಗೆ ಪ್ಲೇಯರ್ ಕಾಣದಿದ್ದರೆ ಯಾರಿಗೆ ಕೊಡುವುದು? ಅಂದರೆ ದಾರಿ ಸರಿಯಿದೆ, ಹುಡುಕುವುದು ಮಾತ್ರ ಕೆಟ್ಟಿದೆ ಎಂದು ನನಗೆ ಅನ್ನಿಸಿತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಸ್ಪೀಡ್ ಟೆಸ್ಟ್ ಮಾಡುತ್ತಾರೆ. ಮನೆಯೊಳಗಿನ ಸಂಗೀತಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ. ಅದು ಅಳೆಯುವುದು ಹೊರಗಿನ ದಾರಿಯನ್ನು. ನಮ್ಮ ಹಾಡು ಹೊರಗೆ ಹೋಗುವುದೇ ಇಲ್ಲವಲ್ಲ. ವೇಗವಾದರೂ ಎಷ್ಟು ಬೇಕು ಹೇಳಿ? ಸಿಡಿಯಲ್ಲಿ ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ 1.4 ಮೆಗಾಬಿಟ್. ಫ್ಲಾಕ್ ಮಾಡಿದರೆ ಇನ್ನೂ ಕಡಿಮೆ. 24 ಬಿಟ್, 96 ಕಿಲೋಹರ್ಟ್ಸ್‌ನ ದೊಡ್ಡ ಫೈಲುಗಳಿಗೂ ಸಂಕುಚಿಸದೆ ಕಳಿಸಿದರೆ 4.6 ಮೆಗಾಬಿಟ್ ಸಾಕು. ತೀರಾ ಹಳೆಯ ಕೇಬಲ್ ಕೂಡ ಇಷ್ಟನ್ನು ಸಲೀಸಾಗಿ ಹೊರುತ್ತದೆ.

ಹಾಗಾಗಿ ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಹಾಲ್‌ನಲ್ಲಿ ಕೂತೆ. ಆ್ಯಪ್ "ಪ್ಲೇಯರ್ ಇಲ್ಲ" ಎನ್ನುತ್ತಿರುವಾಗಲೇ ಪ್ಲೇಯರ್‌ನ ಐಪಿ ವಿಳಾಸಕ್ಕೆ ಪಿಂಗ್ ಮಾಡಿದೆ, ಅಂದರೆ "ಇದ್ದೀಯಾ" ಎಂದು ಕೇಳುವ ಚಿಕ್ಕ ಸಂದೇಶ ಕಳಿಸಿದೆ. ತಕ್ಷಣ ಉತ್ತರ ಬಂತು. ಬ್ರೌಸರ್‌ನಲ್ಲಿ ಅದೇ ವಿಳಾಸ ಹೊಡೆದರೆ ಪ್ಲೇಯರ್‌ನ ಸೆಟ್ಟಿಂಗ್ ಪುಟ ತೆರೆಯಿತು. ಪ್ಲೇಯರ್ ಅಲ್ಲೇ ಇದೆ, ಮಾತೂ ಆಡುತ್ತಿದೆ. ವಿಳಾಸ ಗೊತ್ತಿಲ್ಲದವರಿಗೆ ಮಾತ್ರ ಅದು ಸಿಗುತ್ತಿಲ್ಲ.

ಪ್ಲೇಯರನ್ನು ಆಫ್ ಮಾಡಿ ಆನ್ ಮಾಡಿದೆ. ಆ್ಯಪ್‌ನಲ್ಲಿ ಕೂಡಲೇ ಕಾಣಿಸಿತು. ಸಾಮಾನ್ಯವಾಗಿ ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ, ಸರಿಹೋಯಿತು ಅಂದುಕೊಳ್ಳುತ್ತಾರೆ. ನಾನು ಗಡಿಯಾರ ನೋಡುತ್ತಾ ಆಗಾಗ ಆ್ಯಪ್ ಮುಚ್ಚಿ ತೆರೆಯುತ್ತಾ ಕೂತೆ. ನಾಲ್ಕು ನಿಮಿಷ ದಾಟುವವರೆಗೆ ಇತ್ತು, ಐದನೇ ನಿಮಿಷ ತುಂಬುವುದರೊಳಗೆ ಮಾಯ. ಮತ್ತೆ ಆಫ್ ಮಾಡಿ ಆನ್ ಮಾಡಿದರೂ ಅದೇ ಕಥೆ, ಅಷ್ಟೇ ಹೊತ್ತಿಗೆ. ನನಗೆ ಉತ್ಸಾಹ ಬಂದಿದ್ದೇ ಆಗ. ವೈಫೈ ಸಿಗ್ನಲ್‌ನ ತೊಂದರೆ ಹೀಗೆ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಒಂದೇ ಹೊತ್ತಿಗೆ ಕೈಕೊಡುತ್ತಿದೆ ಅಂದರೆ ಎಲ್ಲೋ ಒಂದು ಟೈಮರ್ ಓಡುತ್ತಿದೆ ಎಂದೇ ಅರ್ಥ.

ಇನ್ನೊಂದು ಸುಳಿವೂ ಇತ್ತು. ಅದೇ ಸ್ವಿಚ್‌ಗೆ ಹಾಕಿದ್ದ ಪ್ರಿಂಟರ್ ಫೋನಿಗೆ ಯಾವಾಗಲೂ ಕಾಣುತ್ತಿತ್ತು. ಒಂದೇ ಸ್ವಿಚ್, ಒಂದೇ ಫೋನ್. ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಯಾಕೆ?

ಪ್ಲೇಯರ್‌ನ ಕೇಬಲ್ಲನ್ನು ಸ್ವಿಚ್‌ನಿಂದ ಕಿತ್ತು ನೇರ ರೂಟರ್‌ಗೆ ಹಾಕಿ ನೋಡಿದೆ. ಈಗ ಪ್ಲೇಯರ್ ಉಳಿಯಿತು, ಸ್ವಿಚ್‌ನಲ್ಲೇ ಇದ್ದ ನ್ಯಾಸ್ ಮಾಯವಾಯಿತು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕ್‌ನ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದು ನೋಡಿದರೂ ಅದೇ ಚಿತ್ರ: ಹುಡುಕುವ ಕೂಗು 239.255.255.250 ಎಂಬ ವಿಳಾಸಕ್ಕೆ ಹೊರಡುತ್ತಿದೆ, ಮೊದಲ ನಾಲ್ಕು ನಿಮಿಷ ಉತ್ತರ ಬರುತ್ತದೆ, ಆಮೇಲೆ ಇಲ್ಲ.

ಈ ವಿಳಾಸ ಯಾವುದೇ ಒಂದು ಯಂತ್ರದ್ದಲ್ಲ. ಅದೊಂದು ಗುಂಪಿನ ವಿಳಾಸ. ಓಣಿಯಲ್ಲಿ ನಿಂತು "ಹಾಡು ನುಡಿಸುವವರು ಯಾರಾದರೂ ಇದ್ದೀರಾ" ಎಂದು ಕೂಗಿದ ಹಾಗೆ. ಇದನ್ನು ಮಲ್ಟಿಕಾಸ್ಟ್ ಎನ್ನುತ್ತಾರೆ. ಸಾದಾ ಸ್ವಿಚ್ ಈ ಕೂಗನ್ನು ಎಲ್ಲ ಪೋರ್ಟ್‌ಗಳಿಗೂ ಕಳಿಸುತ್ತದೆ. ನಮ್ಮ ಹೊಸ ಸ್ವಿಚ್ ಸ್ವಲ್ಪ ಜಾಸ್ತಿ ಬುದ್ಧಿಯದು. ಅದರಲ್ಲಿ ಐಜಿಎಂಪಿ ಸ್ನೂಪಿಂಗ್ ಎಂಬ ಸೌಲಭ್ಯ ಇತ್ತು, ಪೆಟ್ಟಿಗೆಯಿಂದ ತೆಗೆದಾಗಲೇ ಆನ್ ಆಗಿತ್ತು. ಯಾವ ಪೋರ್ಟ್‌ನಲ್ಲಿರುವ ಯಂತ್ರ ಯಾವ ಗುಂಪಿಗೆ ಸೇರಿದೆ ಎಂದು ಅದು ಗಮನಿಸುತ್ತದೆ. ಸೇರಿದವರಿಗೆ ಮಾತ್ರ ಕೂಗು ತಲುಪಿಸುತ್ತದೆ. ಪ್ಲೇಯರ್ ಆನ್ ಆದಾಗ "ನಾನು ಈ ಗುಂಪಿನಲ್ಲಿದ್ದೇನೆ" ಎಂದು ತಾನಾಗಿಯೇ ಹೇಳುತ್ತದೆ. ಸ್ವಿಚ್ ಬರೆದುಕೊಳ್ಳುತ್ತದೆ. ಆದರೆ ಆ ಬರಹಕ್ಕೆ ಆಯಸ್ಸಿದೆ. "ಇನ್ನೂ ಇದ್ದೀರಾ" ಎಂದು ಯಾರಾದರೂ ಆಗಾಗ ಕೇಳುತ್ತಿದ್ದರೆ ಪ್ಲೇಯರ್ ಉತ್ತರಿಸುತ್ತದೆ, ಆಯಸ್ಸು ಮುಂದುವರಿಯುತ್ತದೆ. ಹೀಗೆ ಕೇಳುವವರನ್ನು ಕ್ವೆರಿಯರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೇಳುವವರೇ ಇರಲಿಲ್ಲ. ರೂಟರ್ ಆ ಕೆಲಸ ಮಾಡುತ್ತಿರಲಿಲ್ಲ, ಸ್ವಿಚ್‌ನಲ್ಲಿ ಅದು ಆಫ್ ಆಗಿತ್ತು.

ಲೆಕ್ಕ ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಗುಂಪಿಗೆ ಸೇರುವ ಈ ಮಾತುಕತೆಯ ನಿಯಮವೇ ಐಜಿಎಂಪಿ. ಅದರ ಎರಡನೇ ಆವೃತ್ತಿ 1997ರದ್ದು, ಮೂರನೆಯದು 2002ರದ್ದು. ಎರಡರಲ್ಲೂ ಪ್ರಶ್ನೆ ಕೇಳುವ ಅಂತರ ಮಾಮೂಲಾಗಿ 125 ಸೆಕೆಂಡ್. ಅದರ ಎರಡರಷ್ಟಕ್ಕೆ ಉತ್ತರಕ್ಕೆ ಕಾಯುವ 10 ಸೆಕೆಂಡ್ ಸೇರಿಸಿದರೆ 260 ಸೆಕೆಂಡ್. ಅಂದರೆ 4 ನಿಮಿಷ 20 ಸೆಕೆಂಡ್. ಹಾಲ್‌ನಲ್ಲಿ ಕೂತು ಕಂಡಿದ್ದು ಇದೇ ಅಲ್ವಾ! ಪ್ರಿಂಟರ್‌ನ ಗುಟ್ಟೂ ಬಿಚ್ಚಿಕೊಂಡಿತು. ಅದನ್ನು ಹುಡುಕುವುದು 224.0.0.251 ಎಂಬ ವಿಳಾಸದಲ್ಲಿ. 224.0.0 ಎಂದು ಶುರುವಾಗುವ ವಿಳಾಸಗಳ ಕೂಗನ್ನು ಸ್ನೂಪಿಂಗ್ ಇದ್ದರೂ ಎಲ್ಲ ಪೋರ್ಟ್‌ಗಳಿಗೆ ಕಳಿಸಬೇಕು ಎಂಬುದು ಸ್ವಿಚ್‌ಗಳು ಪಾಲಿಸಬೇಕಾದ ಕ್ರಮ.

ಸರಿಪಡಿಸಲು ಎರಡು ದಾರಿ. ಸ್ನೂಪಿಂಗ್ ಆಫ್ ಮಾಡುವುದು, ಇಲ್ಲವೇ ಕ್ವೆರಿಯರ್ ಆನ್ ಮಾಡುವುದು. ನೆಟ್‌ವರ್ಕ್ ಮೂಲಕ ಟಿವಿ ಚಾನೆಲ್ ಬರದ ಚಿಕ್ಕ ಮನೆಯಲ್ಲಿ ಮೊದಲನೆಯದೇ ಸಾಕು, ಧೈರ್ಯವಾಗಿ ಮಾಡಬಹುದು. ನಾನು ಎರಡನೆಯದನ್ನು ಆರಿಸಿದೆ. ವೈಫೈನಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಕಡಿಮೆ ವೇಗದಲ್ಲಿ ಹೋಗುತ್ತದೆ, ತಲುಪಿತೋ ಇಲ್ಲವೋ ಎಂಬ ಮರುಮಾತೂ ಇರುವುದಿಲ್ಲ. ಬೇಡದ ಕೂಗು ಗಾಳಿಯಲ್ಲಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಕ್ವೆರಿಯರ್ ಆನ್ ಮಾಡಿದ ಮೇಲೆ ಸೇವ್ ಗುಂಡಿ ಒತ್ತುವುದನ್ನು ಮರೆಯಬಾರದು. ಹಲವು ಸ್ವಿಚ್‌ಗಳಲ್ಲಿ ಬದಲಾವಣೆ ಕೂಡಲೇ ಜಾರಿಯಾಗುತ್ತದೆ, ಆದರೆ ಸೇವ್ ಮಾಡದಿದ್ದರೆ ಕರೆಂಟ್ ಹೋಗಿ ಬಂದಾಗ ಅಳಿಸಿಹೋಗುತ್ತದೆ. ಆಮೇಲೆ ತೊಂದರೆ ತಾನಾಗಿಯೇ ವಾಪಸ್ ಬಂತು ಅನ್ನಿಸುತ್ತದೆ.

ಅಪ್ಪ ಅವತ್ತು ಸಂಜೆ ಒಂದು ಇಡೀ ಆಲ್ಬಂ ಕೇಳಿದರು. "ಈಗ ಸರಿ ಹೋಯ್ತು ಬಿಡು, ಆದ್ರೆ ರೂಮಲ್ಲಿರೋದು ಇನ್ನೂ ಕಟ್ ಕಟ್ ಆಗುತ್ತೆ ನೋಡು" ಅಂದರು.

ರೂಮಿನ ವೈಫೈ ಸ್ಪೀಕರ್‌ನದು ಬೇರೆಯೇ ಕಾಯಿಲೆ. ಅಲ್ಲಿ ಹಾಡು ನಡುವೆಯೇ ತುಂಡಾಗುತ್ತಿತ್ತು, ಅಂದರೆ ದಾರಿಯದ್ದೇ ತೊಂದರೆ. ಪಿಂಗ್ ಬಿಟ್ಟು ನೋಡಿದರೆ ಉತ್ತರದ ಹೊತ್ತು ಒಮ್ಮೆ 3 ಮಿಲಿಸೆಕೆಂಡ್, ಒಮ್ಮೆ 400. ಸ್ಪೀಕರ್ ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿತ್ತು. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಅಂದರೆ 1, 6, 11 ಅಷ್ಟೇ. ರೂಟರ್ ತಾನೇ ಆರಿಸಿಕೊಂಡಿದ್ದ ಚಾನೆಲ್‌ನಲ್ಲಿ ಅಕ್ಕಪಕ್ಕದ ಮನೆಗಳ ವೈಫೈಗಳೂ ಜಾಸ್ತಿ ಇದ್ದವು. ಖಾಲಿ ಇದ್ದ 11ಕ್ಕೆ ಬದಲಾಯಿಸಿದೆ. 400 ಇಳಿದು 20ರ ಆಸುಪಾಸಿಗೆ ಬಂತು. ಹಾಡು ತುಂಡಾಗುವುದು ನಿಂತಿದೆ. ಆದರೂ ರೂಮಿಗೊಂದು ಕೇಬಲ್ ಎಳೆಯಬೇಕು ಎಂದೇ ನನ್ನ ಮನಸ್ಸು. ನಾಳೆ ಪಕ್ಕದ ಮನೆಯ ರೂಟರ್ ಕೂಡ 11ಕ್ಕೆ ಬರಬಹುದು.