ರಫ್ತಿನ ಮಾತು ಶೆಡ್ಡಿನೊಳಗೆ ಬಂದ ದಿನ

ಸಣ್ಣ ಪ್ರಮಾಣದಲ್ಲಿ ಕೋಳಿ ಸಾಕುವ ನಾವು ಕೆಲವರು ಸೇರಿ ಗುಂಪು ಕಟ್ಟಿಕೊಂಡಿದ್ದೆವು. ಹೊರದೇಶಗಳಿಗೆ ಕೋಳಿಮಾಂಸ ಕಳುಹಿಸುವ ಸಂಸ್ಕರಣಾ ಘಟಕವೊಂದರ ಗುಣಮಟ್ಟ ಅಧಿಕಾರಿ ನಮ್ಮ ಶೆಡ್ಡುಗಳನ್ನು ನೋಡಲು ಒಪ್ಪಿದಾಗ, ರಫ್ತು ಎಂದರೆ ಒಳ್ಳೆಯ ದರ ಎಂಬುದಷ್ಟೇ ಗುಂಪಿನ ಬಹುತೇಕರ ತಲೆಯಲ್ಲಿತ್ತು. ಕೋಳಿಗಳು ದಷ್ಟಪುಷ್ಟವಾಗಿ ಕಂಡರೆ ಸಾಕು ಎಂದುಕೊಂಡು ಎಲ್ಲರೂ ಹೊಸ ಹೊಟ್ಟು ಹರಡಿ, ನೀರಿನ ಪೈಪುಗಳನ್ನು ತೊಳೆದು ಕಾದರು. ಬಂದವರು ಕೋಳಿಗಳ ಕಡೆ ತಿರುಗದೆ ಮೊದಲು ಕೇಳಿದ್ದು ದಾಖಲೆ ಪುಸ್ತಕವನ್ನು.

ಮರಿ ಬಂದ ದಿನ, ಹ್ಯಾಚರಿಯ ಚೀಟಿ, ಕೊಕ್ಕರೆ ರೋಗ ಮತ್ತು ಗುಂಬೊರೊ ಎಂಬ ಕೋಳಿ ರೋಗಗಳಿಗೆ ಲಸಿಕೆ ಹಾಕಿದ ತಾರೀಖು, ದಿನಕ್ಕೆ ಸತ್ತ ಕೋಳಿಗಳ ಲೆಕ್ಕ ಇವೆಲ್ಲವನ್ನೂ ಅವರು ಸರಸರನೆ ದಾಟಿ, ಉಸಿರಾಟದ ತೊಂದರೆಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದ ಸಾಲಿನ ಮೇಲೆ ಬೆರಳಿಟ್ಟು ನಿಂತರು. ಕೊನೆಯ ಡೋಸ್ ಕೊಟ್ಟ ದಿನದಿಂದ ಕೋಳಿ ಮಾರಿದ ದಿನದವರೆಗೆ, ಔಷಧದ ಅಂಶ ಮಾಂಸದಿಂದ ಇಳಿಯುವಷ್ಟು ದಿನ ಕಳೆದಿದೆಯೇ ಎಂದು, ಬೆರಳು ಮಡಚಿ ಎಣಿಸಿದರು. "ಔಷಧ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ನಿಲ್ಲಿಸಿದ ತಾರೀಖು ಇಲ್ಲದಿದ್ದರೆ ಮಾತ್ರ ಆ ಬ್ಯಾಚಿಗೆ ನಾನು ಸಹಿ ಹಾಕುವಂತಿಲ್ಲ" ಎಂದರು. ಬೆಳವಣಿಗೆ ಹೆಚ್ಚಿಸಲೆಂದು ಮೇವಿನಲ್ಲಿ ಆ್ಯಂಟಿಬಯೋಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲೇ ನಿಷೇಧಿಸಿದೆ. ಮಾಂಸದಲ್ಲಿ ಔಷಧದ ಅಂಶ ಮಿತಿ ಮೀರಿದ್ದು ಕಂಡುಬಂದರೆ ಸರಕು ಬಂದರಿನಲ್ಲೇ ನಿಲ್ಲುತ್ತದೆ, ಆಮೇಲೆ ಆ ಘಟಕ ಕಳುಹಿಸುವ ಸರಕುಗಳ ಮೇಲೆಲ್ಲ ತಪಾಸಣೆ ಬಿಗಿಯಾಗುತ್ತದೆ. ಹೀಗಾಗಿ ಒಬ್ಬ ಸಾಕಣೆದಾರ ಬರೆಯದೆ ಬಿಟ್ಟ ಒಂದು ತಾರೀಖು ಉಳಿದವರ ಮಾರುಕಟ್ಟೆಯನ್ನೂ ಮುಚ್ಚಿಸಬಲ್ಲದು.

ಆಮೇಲೆ ತಕ್ಕಡಿ ತರಿಸಿ, ಶೆಡ್ಡಿನ ಬಾಗಿಲ ಬಳಿಯಿಂದ, ನಡುವಿನಿಂದ, ನೀರಿನ ಸಾಲಿನ ಕೊನೆಯಿಂದ ಕೋಳಿಗಳನ್ನು ಹಿಡಿಸಿ ಒಂದೊಂದನ್ನೇ ತೂಗಿಸಿದರು. ಸರಾಸರಿ ತೂಕ ಚೆನ್ನಾಗಿಯೇ ಇತ್ತು; ಅವರ ಮುಖ ಮಾತ್ರ ಅರಳಲಿಲ್ಲ. ಸಾಲಿನ ಕೊನೆಯ ಕೋಳಿಗಳು ಎದ್ದು ಕಾಣುವಷ್ಟು ಹಗುರವಾಗಿದ್ದವು. ಸಂಸ್ಕರಣಾ ಘಟಕದಲ್ಲಿ ಕರುಳು ತೆಗೆಯುವ ಯಂತ್ರವನ್ನು ಒಂದು ಗಾತ್ರಕ್ಕೆ ಹೊಂದಿಸಿರುತ್ತಾರೆ, ಅದಕ್ಕಿಂತ ತೀರಾ ಚಿಕ್ಕ ಅಥವಾ ದೊಡ್ಡ ಕೋಳಿ ಬಂದರೆ ಕರುಳು ಹರಿದು ಮಾಂಸಕ್ಕೆ ಮಲ ತಾಗುತ್ತದೆ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಹರಡುವ ದಾರಿಗಳಲ್ಲಿ ಇದೂ ಒಂದು ಎಂದು ವಿವರಿಸಿದರು. ಬಿಡಿ ಕೋಳಿಯನ್ನು ತೂಗಿ ಮಾರುವವರಿಗೆ ಈ ಏರುಪೇರು ಲೆಕ್ಕಕ್ಕೇ ಬರುವುದಿಲ್ಲ. ಅದೇ ಏರುಪೇರು ಯಂತ್ರದ ಮುಂದೆ ದೋಷವಾಗುವುದನ್ನು ತಿಳಿದ ಮೇಲೆ, ಎಲ್ಲ ಕೋಳಿಗಳಿಗೂ ನೀರು ಸಮನಾಗಿ ಸಿಗಲೆಂದು, ಅವು ಕುಡಿಯುವ ಪೈಪಿನ ನಿಪ್ಪಲ್‌ಗಳ ಎತ್ತರವನ್ನು ಕೋಳಿ ಬೆಳೆದಂತೆ ಏರಿಸುವ ಕೆಲಸಕ್ಕೆ ನನ್ನ ಕಣ್ಣಲ್ಲಿ ಬೇರೆಯೇ ಬೆಲೆ ಬಂತು.

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದ ಅಮ್ಮನೊಬ್ಬರು ನೇರವಾಗಿ ಕೇಳಿಬಿಟ್ಟರು: "ಸರ್, ಇಷ್ಟೆಲ್ಲ ಮಾಡಿದ ಮೇಲೂ ಬೇರೆ ಯಾರದೋ ಶೆಡ್ಡಿಗೆ ಹಕ್ಕಿಜ್ವರ ಬಂದರೆ ನಮ್ಮ ಗತಿ?" ಅಧಿಕಾರಿ ಹಾರಿಕೆಯ ಉತ್ತರ ಕೊಡದೆ ಬ್ರೆಜಿಲ್‌ನ ಉದಾಹರಣೆ ಹೇಳಿದರು. ಜಗತ್ತಿನಲ್ಲೇ ಅತಿ ಹೆಚ್ಚು ಕೋಳಿಮಾಂಸ ರಫ್ತು ಮಾಡುವ ಆ ದೇಶದ ವಾಣಿಜ್ಯ ಫಾರಂ ಒಂದರಲ್ಲಿ 2025ರ ಮೇ ತಿಂಗಳಲ್ಲಿ ಮೊದಲ ಬಾರಿಗೆ ಹಕ್ಕಿಜ್ವರ ಪತ್ತೆಯಾದಾಗ, ಚೀನಾ ಮತ್ತು ಐರೋಪ್ಯ ಒಕ್ಕೂಟಕ್ಕೆ ಹೋಗುವ ಸರಕು ಇಡೀ ದೇಶದಿಂದಲೇ ನಿಂತಿತು. ಕೆಲವು ದೇಶಗಳು ಮಾತ್ರ ನಿರ್ಬಂಧವನ್ನು ರೋಗ ಕಂಡ ಪ್ರದೇಶಕ್ಕೆ ಸೀಮಿತಗೊಳಿಸಿದವು. ಥಾಯ್ಲೆಂಡಿನ ಕತೆ ನನಗೆ ಇನ್ನೂ ಹೆಚ್ಚು ಉಪಯುಕ್ತವೆನಿಸಿತು. 2004ರ ಹಕ್ಕಿಜ್ವರದಿಂದ ಹಸಿ ಮಾಂಸದ ರಫ್ತಿಗೆ ಬಾಗಿಲು ಮುಚ್ಚಿದಾಗ ಅಲ್ಲಿನ ಉದ್ಯಮ ಬೇಯಿಸಿದ ಮಾಂಸದ ಕಡೆಗೆ ಹೊರಳಿತು. ಸರಿಯಾದ ಶಾಖಕ್ಕೆ ವೈರಸ್ ಉಳಿಯುವುದಿಲ್ಲವಾದ್ದರಿಂದ ಆ ಸರಕನ್ನು ಕೊಳ್ಳುವವರು ಇದ್ದರು. ಆದರೆ ಬೇಯಿಸಿ, ಹೆಪ್ಪುಗಟ್ಟಿಸಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಸಾಗಿಸುವ ಬಂಡವಾಳ ಸಣ್ಣ ಸಾಕಣೆದಾರನ ಕೈಯಲ್ಲಿ ಇರುವಂಥದ್ದಲ್ಲ. ಘಟಕ ಕಟ್ಟುವವನು ಬೇರೆ, ಕೋಳಿ ಕೊಡುವವನು ಬೇರೆ. ನಮ್ಮ ಪಾತ್ರ ಎರಡನೆಯದು ಎಂಬುದನ್ನು ಒಪ್ಪಿಕೊಂಡೇ ಮುಂದಿನ ಲೆಕ್ಕ ಹಾಕಬೇಕು.

ಆ ಲೆಕ್ಕದಲ್ಲಿ ಮೇವಿನದೇ ಸಿಂಹಪಾಲು. ಸಾಕಣೆ ವೆಚ್ಚದಲ್ಲಿ ಸಾಮಾನ್ಯವಾಗಿ ಶೇಕಡ 60ರಿಂದ 70ರಷ್ಟು ಮೇವಿಗೇ ಹೋಗುತ್ತದೆ. ಮೆಕ್ಕೆಜೋಳ ಮತ್ತು ಸೋಯಾವನ್ನು ತಾವೇ ಬೆಳೆಯುವ ದೊಡ್ಡ ದೇಶಗಳ ಜೊತೆ ಅಗ್ಗದ ದರದಲ್ಲಿ ಪೈಪೋಟಿ ಮಾಡಿ ಗೆಲ್ಲುತ್ತೇವೆಂಬುದು, ನನ್ನ ಮಟ್ಟಿಗೆ, ಭ್ರಮೆಯೇ. ಸಣ್ಣವರಿಗೆ ಅವಕಾಶವಿರುವುದು ಒಂದೇ ದಿನ ಮರಿ ಬಿಟ್ಟು, ಒಂದೇ ಮೇವು ಹಾಕಿ, ಒಂದೇ ದಿನ ಶೆಡ್ ಖಾಲಿ ಮಾಡುವ ಶಿಸ್ತನ್ನು ಗುಂಪಾಗಿ ಪಾಲಿಸುವುದರಲ್ಲಿ. ಆಗ ಹತ್ತಾರು ಶೆಡ್ಡುಗಳ ಕೋಳಿ ಘಟಕದ ಕಣ್ಣಿಗೆ ಒಂದೇ ಬ್ಯಾಚ್ ಆಗಿ ಕಾಣುತ್ತದೆ. ರಫ್ತಿಗೆಂದು ಬರೆಯುವ ಇದೇ ಪುಸ್ತಕವನ್ನು ದೇಶದೊಳಗಿನ ದೊಡ್ಡ ಹೋಟೆಲುಗಳೂ ಕೇಳತೊಡಗಿವೆ, ನನ್ನ ಅಂದಾಜಿನಲ್ಲಿ ಮೊದಲ ಲಾಭ ಬರುವುದೂ ಅಲ್ಲಿಂದಲೇ.

ಹೊರಡುವ ಮುಂಚೆ ಅಧಿಕಾರಿ ಕರಾರಿನ ಕರಡನ್ನು ಕೊಟ್ಟರು. ದರ, ತೂಕದ ಮಿತಿ, ತಪಾಸಣೆಯ ಷರತ್ತುಗಳೆಲ್ಲ ಅದರಲ್ಲಿ ವಿವರವಾಗಿದ್ದವು. ನಿಷೇಧ ಬಿದ್ದ ದಿನ ಶೆಡ್ಡಿನಲ್ಲಿ ಮಾರಾಟಕ್ಕೆ ಸಿದ್ಧವಾಗಿರುವ, ದಿನದಿನವೂ ಮೇವು ತಿನ್ನುತ್ತಲೇ ಇರುವ ಕೋಳಿಗಳ ನಷ್ಟ ಯಾರ ಪಾಲಿಗೆ ಎಂಬ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಸಾಲನ್ನು ಸೇರಿಸಿ ಕಳುಹಿಸುವಂತೆ ಗುಂಪಿನ ಪರವಾಗಿ ಪತ್ರ ಬರೆದಿದ್ದೇವೆ. ಉತ್ತರ ಬರುವವರೆಗೆ ಹೊಸ ಶೆಡ್ಡಿಗಾಗಿ ಯಾರೂ ಸಾಲ ಮಾಡಬಾರದೆಂದು ಅಂದೇ ಎಲ್ಲರೂ ಕೂತು ತೀರ್ಮಾನಿಸಿದೆವು.