ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಬರುತ್ತೀರಾ?

ಈ ವಾರ ನಮ್ಮ ಟೌನ್‌ಶಿಪ್ (ಇಲ್ಲಿನ ಸ್ಥಳೀಯ ಆಡಳಿತ) ಸಭೆಯಲ್ಲಿ ಕೇಳಿದ ಒಂದು ಸಣ್ಣ ಸವಾಲು-ಜವಾಬು ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈ ಹಳ್ಳಿಗಾಡಿನಲ್ಲಿ ಬೆಂಕಿ ಆರಿಸಲು ಬರುವವರು ಸಂಬಳವಿಲ್ಲದ ಸ್ವಯಂಸೇವಕರು. ಅವರ ಖರ್ಚಿಗಾಗಿ ಆಸ್ತಿಯ ಅಂದಾಜು ಮೌಲ್ಯದ ಪ್ರತಿ ಸಾವಿರ ಡಾಲರಿಗೆ ಒಂದು ಡಾಲರಿನಂತೆ, ಇಲ್ಲಿನ ಮಾತಿನಲ್ಲಿ 'ಒಂದು ಮಿಲ್', ತೆರಿಗೆ ಹಾಕಬೇಕೆ ಎಂಬುದು ಅಂದಿನ ಚರ್ಚೆ. ನಿವೃತ್ತರೊಬ್ಬರು ಎದ್ದು, "ನೀವು ಚಿಕನ್ ಬಾರ್ಬೆಕ್ಯೂ ಮಾಡಿದಾಗಲೆಲ್ಲ ತಪ್ಪದೆ ಊಟ ಕೊಂಡಿದ್ದೇನೆ, ಮತ್ತೆ ತೆರಿಗೆ ಬೇರೆ ಏಕೆ?" ಎಂದರು. ಅಗ್ನಿಶಾಮಕ ದಳದ ಖಜಾಂಚಿ, ವಯಸ್ಸಾದ ಮಹಿಳೆ, ಲೆಕ್ಕದ ಹಾಳೆಗಳಿಂದ ತಲೆಯೆತ್ತಿ, "ಬಹಳ ಉಪಕಾರವಾಯಿತು. ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಬರುತ್ತೀರಾ?" ಎಂದು ಕೇಳಿದರು. "ಊಟಕ್ಕಾ?" ಎಂದರು ಆತ. ಸಭೆಯೆಲ್ಲ ನಕ್ಕಿತು, ಖಜಾಂಚಿ ಮಾತ್ರ ನಗಲಿಲ್ಲ.

ಆ ನಿವೃತ್ತರ ಮೇಲೆ ನನಗೆ ಸಿಟ್ಟಿಲ್ಲ. ದಳವೇ ದಶಕಗಳಿಂದ ಕೋಳಿ, ಬಿಂಗೊ, ರ‍್ಯಾಫಲ್ ಟಿಕೆಟುಗಳ ಮೂಲಕವೇ ಹಣಕ್ಕಾಗಿ ಜನರ ಬಳಿಗೆ ಹೋಗಿರುವುದರಿಂದ, ಊಟ ಕೊಂಡರೆ ಬಾಕಿ ತೀರಿತು ಎಂದು ಜನ ನಂಬಿದ್ದರಲ್ಲಿ ಆಶ್ಚರ್ಯವೇನಿದೆ? ನನಗೆ ಸಹಿಸಲಾಗದೆ ಹೋದದ್ದು ಸೂಪರ್‌ವೈಸರ್ (ಟೌನ್‌ಶಿಪ್ ಆಡಳಿತದ ಚುನಾಯಿತ ಸದಸ್ಯರು) ಒಬ್ಬರ ಭಾಷಣ. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಯೂನಿಯನ್ ಫೈರ್ ಕಂಪನಿಯನ್ನು ನೆನೆದು, ಸ್ವಯಂಸೇವೆ ನಮ್ಮ ರಾಜ್ಯದ ರಕ್ತದಲ್ಲೇ ಇದೆ ಎಂದು ಅವರು ಎದೆಯುಬ್ಬಿಸಿದರು. ಫ್ರಾಂಕ್ಲಿನ್ನನ ಸಂಗಡಿಗರು ಚರ್ಮದ ಬಕೆಟ್ ಹಿಡಿದು ಓಡಿಬರುತ್ತಿದ್ದರು, ನಿಜ. ಆದರೆ ಅವರ ಮನೆಯೂ ಅಂಗಡಿಯೂ ಅದೇ ಊರಿನಲ್ಲಿದ್ದವು. ನಮ್ಮ ದಳದ ಯುವಕರು ಬೆಳಿಗ್ಗೆ ಆರಕ್ಕೆ ಕಾರು ಹತ್ತಿ ಬೇರೆ ಕೌಂಟಿಯ ಗೋದಾಮಿಗೋ ಆಸ್ಪತ್ರೆಗೋ ಹೋದರೆ ಮರಳುವುದು ಸಂಜೆ. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಬೆಂಕಿ ಬಿದ್ದರೆ ಯಾರು ಬರುತ್ತಾರೆ ಎಂಬುದೇ ಖಜಾಂಚಿಯ ಪ್ರಶ್ನೆಯಾಗಿತ್ತು. ಹಿಂದೆ ಸೈರನ್ ಕೂಗಿದರೆ ರೈತ ಟ್ರ್ಯಾಕ್ಟರನ್ನು ಹೊಲದಲ್ಲೇ ಬಿಟ್ಟು ಬರುತ್ತಿದ್ದ, ಗಿರಣಿಯ ಮಾಲೀಕ ಆಳುಗಳನ್ನು ಕಳಿಸುತ್ತಿದ್ದ. ಈಗ ಹೊಲಗಳಿದ್ದಲ್ಲಿ ನಮ್ಮಂಥವರ ಮನೆಗಳಿವೆ. 1970ರ ದಶಕದಲ್ಲಿ ರಾಜ್ಯದಲ್ಲಿ ಸುಮಾರು 3 ಲಕ್ಷ ಸ್ವಯಂಸೇವಕರಿದ್ದರೆ, 2018ರಲ್ಲಿ ಶಾಸನಸಭೆಗೆ ಸಲ್ಲಿಸಿದ ವರದಿಯ ಹೊತ್ತಿಗೆ ಉಳಿದವರು ಸುಮಾರು 38,000.

ಹಣದ ಕಥೆಯೂ ಸರಳವಲ್ಲ. ಹೊರರಾಜ್ಯದ ಕಂಪನಿಗಳ ಅಗ್ನಿವಿಮೆಯ ಕಂತಿನ ಮೇಲೆ ರಾಜ್ಯ ಹಾಕುವ ಶೇ. 2ರ ತೆರಿಗೆ ಸ್ವಯಂಸೇವಕರ ಪರಿಹಾರ ಸಂಘಗಳಿಗೆ ಬರುತ್ತದೆಯಾದರೂ ಅದು ರಕ್ಷಣಾ ಉಡುಪು, ವಿಮೆ, ತರಬೇತಿಯಂಥ ಬಾಬತ್ತುಗಳಿಗೆ ಮೀಸಲು. ಡೀಸೆಲಿಗಾಗಲಿ ಕಟ್ಟಡದ ಚಾವಣಿಗಾಗಲಿ ಅದನ್ನು ಮುಟ್ಟುವಂತಿಲ್ಲ. ಒಬ್ಬರ ಕೋಟು, ಪ್ಯಾಂಟು, ಬೂಟು, ಹೆಲ್ಮೆಟ್ಟಿಗೆ ಸಾವಿರಾರು ಡಾಲರ್ ಬೇಕು. ಒಮ್ಮೆಯೂ ಬೆಂಕಿ ಕಾಣದಿದ್ದರೂ ತಯಾರಾಗಿ ಹತ್ತು ವರ್ಷವಾದ ಮೇಲೆ ಅದು ಮಾನದಂಡದ ಪ್ರಕಾರ ನಿರುಪಯೋಗಿ. ಸಂಬಳಕ್ಕೂ ನೆರವಾಗುವ 'ಸೇಫರ್' ಎಂಬ ಕೇಂದ್ರದ ಅನುದಾನವಿದೆ, ಆದರೆ ಅದಕ್ಕೆ ದೇಶದ ದಳಗಳೆಲ್ಲ ಪೈಪೋಟಿ ನಡೆಸುತ್ತವೆ, ಸಿಕ್ಕರೂ ಅವಧಿ ಮುಗಿದ ಮೇಲೆ ಸಂಬಳ ಕೊಡಬೇಕಾದವರು ಮತ್ತೆ ನಾವೇ. ಇಷ್ಟಕ್ಕೂ ಆ ಅರ್ಜಿಯನ್ನು ಬರೆಯಬೇಕಾದವರು, ಭಾನುವಾರ ಕೋಳಿ ತಿರುವಿಹಾಕಿ ಕೈ ಸುಟ್ಟುಕೊಂಡ ಅದೇ ಖಜಾಂಚಿ.

ಊರಿನಲ್ಲಿ, ಅಂದರೆ ನಮ್ಮ ಕರ್ನಾಟಕದಲ್ಲಿ, ಅಗ್ನಿಶಾಮಕ ಸಿಬ್ಬಂದಿ ಸರ್ಕಾರಿ ನೌಕರರು. ಅಲ್ಲಿ ತಿಂಗಳ ಸಂಬಳವಿದೆ, ದೂರವೇ ಶತ್ರು. ತಾಲ್ಲೂಕು ಕೇಂದ್ರದಿಂದ ವಾಹನ ಬರುವಷ್ಟರಲ್ಲಿ ಹುಲ್ಲಿನ ಬಣವೆ ಬೂದಿಯಾಗಿ, ಕೊಡ ಹಿಡಿದವರು ದಣಿದು ಕುಳಿತಿರುತ್ತಾರೆ. ಇಲ್ಲಿ ವಾಹನ ರಸ್ತೆಯ ತಿರುವಿನಲ್ಲೇ ನಿಂತಿದೆ, ಓಡಿಸುವವರು ಊರಲ್ಲಿಲ್ಲ.

"ಊಟಕ್ಕಾ?" ಎಂಬ ಮಾತು ನೆನಪಾದಾಗಲೆಲ್ಲ ನಗು ಬರುತ್ತದೆ, ಹಿಂದೆಯೇ ಆ ಮಹಿಳೆಯ ಮುಖ ನೆನಪಾಗುತ್ತದೆ. ಒಂದು ಮಿಲ್ ತೆರಿಗೆ ಪಂಪನ್ನು ಕೊಳ್ಳಬಹುದು, ಮಂಗಳವಾರದ ಎರಡು ಗಂಟೆಯನ್ನು ಕೊಳ್ಳಲಾರದು ಎಂದು ಆಕೆಗೆ ಗೊತ್ತಿತ್ತು. ನನ್ನ ಅಭಿಪ್ರಾಯ ಕೇಳಿದವರಿಲ್ಲ, ಆದರೂ ಹೇಳುತ್ತೇನೆ: ತೆರಿಗೆ ಹಾಕಲಿ, ಅಕ್ಕಪಕ್ಕದ ಟೌನ್‌ಶಿಪ್‌ಗಳೂ ಸೇರಿ ಹಗಲು ಪಾಳಿಗೆ ಇಬ್ಬರು ಮೂವರನ್ನು ಸಂಬಳದ ಮೇಲೆ ಇಟ್ಟುಕೊಳ್ಳಲಿ, ರಾತ್ರಿಯನ್ನು ಸ್ವಯಂಸೇವಕರು ನೋಡಿಕೊಳ್ಳಲಿ. ಇದಕ್ಕೆ ದಳದ ಹಳಬರೇ ಅಡ್ಡ ನಿಲ್ಲುತ್ತಾರೆಂದು ಕೇಳಿದೆ. ತಮ್ಮ ತಾತಂದಿರು ಕಟ್ಟಿದ ಹೆಸರು ಪಕ್ಕದ ಊರಿನ ಹೆಸರಿನೊಡನೆ ಬೆರೆತುಹೋಗುವುದು ಅವರಿಗೆ ಬೇಡವಂತೆ. ಆ ಹಟವನ್ನು ಅರ್ಥಮಾಡಿಕೊಳ್ಳಬಲ್ಲೆ, ಒಪ್ಪಲಾರೆ.

ನಿರ್ಧಾರ ಮುಂದಿನ ತಿಂಗಳಿಗೆ ಹೋಯಿತು. ಮನೆಯಿಂದಲೇ ಕೆಲಸ ಮಾಡುವ ನಾನು ಮಂಗಳವಾರ ಎರಡು ಗಂಟೆಗೆ ಊರಿನಲ್ಲೇ ಇರುತ್ತೇನೆ. ಉರಿಯುವ ಮನೆಯೊಳಗೆ ನುಗ್ಗಲು 150 ಗಂಟೆಗೂ ಮೀರಿದ ತರಬೇತಿ ಬೇಕು. ಹೊರಗೆ ನಿಂತು ರಸ್ತೆ ತಡೆಯಲು, ಮೆದುಗೊಳವೆ ಬಿಡಿಸಲು ಅಷ್ಟು ಬೇಕಿಲ್ಲ ಎಂದು ಖಜಾಂಚಿ ಹೇಳಿದರು. ಕೆಲಸದ ನಡುವೆ ಎದ್ದು ಹೋಗಲು ಅನುಮತಿ ಕೇಳಿ ನನ್ನ ಮ್ಯಾನೇಜರಿಗೆ ಬರೆದೆ. ಬಹಳ ಒಳ್ಳೆಯ ಆಲೋಚನೆಯೆಂದು ಹೊಗಳಿ, ಸಂಜೆ ಐದರ ಮೇಲೆ ಸಾಧ್ಯವೇ ಎಂದು ಕೇಳಿದ್ದಾರೆ.